ಇನ್ನು ನಲವತ್ತು ಆವರ್ತ

ವಾದ್ಯವೃಂದದ ಕೊನೆಯ ಸಾಲಿನಲ್ಲಿ, ನಗಾರಿಯವನ ಎಡಗಡೆಗೆ, ಬೆನ್ನು ಗೋಡೆಗೆ ತಾಗುವಷ್ಟು ಹಿಂದೆ ನಿಲ್ಲುವ ಮನುಷ್ಯನನ್ನು ಎಲ್ಲರೂ ತಾಳದವರು ಎಂದೇ ಕರೆಯುತ್ತಿದ್ದರು. ಅವನ ಎರಡು ಕೈಗೂ ಊಟದ ತಟ್ಟೆಗಿಂತ ದೊಡ್ಡದಾದ ಒಂದೊಂದು ಹಿತ್ತಾಳೆಯ ತಾಳ. ಭಾನುವಾರ ಬೆಳಗಿನ ಕಛೇರಿಯಲ್ಲಿ ಕೊನೆಗೆ ನುಡಿಸುವ ದೊಡ್ಡ ಕೃತಿಯಲ್ಲಿ ಅವನಿಗೆ ಒಂದೇ ಒಂದು ಏಟಿತ್ತು. ಅವನ ಮುಂದಿನ ಹಾಳೆಯಲ್ಲಿ ಬೇರೆಯವರ ಹಾಳೆಗಳಂತೆ ಸ್ವರಗಳ ಇರುವೆ ಸಾಲು ಹರಿದಿರಲಿಲ್ಲ. ಎರಡೇ ಸಾಲು ಬರೆದಿತ್ತು. ನಾನೂರ ಹನ್ನೊಂದು ಆವರ್ತ ಸುಮ್ಮನಿರುವುದು. ನಾನೂರ ಹನ್ನೆರಡನೆಯದರ ಮೊದಲ ಎಣಿಕೆಗೆ ಹೊಡೆಯುವುದು.

ಒಂದು ಆವರ್ತಕ್ಕೆ ನಾಲ್ಕು ಎಣಿಕೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಆ ಮನುಷ್ಯ ತಾಳಗಳನ್ನು ಎದೆಗೆ ಒತ್ತಿ ಹಿಡಿದು ನಿಂತಿರಬೇಕು. ಭಾವಮೈದ ಸಿಕ್ಕಾಗಲೆಲ್ಲ, "ಏನ್ ಭಾವ, ಇವತ್ತು ಭಾರಿ ಕೆಲಸ ಇತ್ತಾ?" ಎಂದು ಕಾಲೆಳೆಯುತ್ತಿದ್ದ. ತಾಳದವನು ಅದನ್ನು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. "ಹೊಡೆಯೋದನ್ನ ಯಾರು ಬೇಕಾದ್ರೂ ಹೊಡೀತಾರೆ. ಹೊಡೀದೆ ಇರೋದನ್ನ ಕಲೀಬೇಕು," ಎನ್ನುತ್ತಿದ್ದ. ಸುಮ್ಮನಿರುವುದನ್ನು ಇಷ್ಟು ಶ್ರಮ ಪಟ್ಟು ಮಾಡಿದವನನ್ನು ನೀವು ನೋಡಿರಲಾರಿರಿ.

ಅವನು ಎಣಿಸುವ ಕ್ರಮವೇ ಬೇರೆ. ಬೂಟಿನೊಳಗೆ ಕಾಲಿನ ಹತ್ತು ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ ಒಂದೊಂದು ಆವರ್ತ ದಾಟುವುದು. ಹತ್ತಾದರೆ ತಾಳದ ಹಿಡಿಯೊಳಗೆ ಕೈಬೆರಳೊಂದನ್ನು ಮಡಿಸುವುದು. ನೂರಾದರೆ ನಾಲಿಗೆಯ ಜಾಗ ಬದಲಾಯಿಸುವುದು. ಮೊದಲ ನೂರಕ್ಕೆ ನಾಲಿಗೆ ಎಡದವಡೆಗೆ, ಎರಡನೆಯದಕ್ಕೆ ಬಲದವಡೆಗೆ, ಮೂರನೆಯದಕ್ಕೆ ಮೇಲಿನ ಹಲ್ಲಿನ ಹಿಂದಕ್ಕೆ, ನಾಲ್ಕನೆಯದಕ್ಕೆ ಅಂಗುಳಕ್ಕೆ. ರಾಗದ ಕಡೆ ಕಿವಿ ಕೊಡುವಂತೆಯೇ ಇಲ್ಲ. ರಾಗ ಕೇಳಿಸಿಕೊಂಡವನ ಲೆಕ್ಕ ಕೆಟ್ಟಿತೆಂದೇ ತಿಳಿಯಬೇಕು. ಹಾಗಾಗಿ ಇಪ್ಪತ್ತೇಳು ವರ್ಷ ಆ ಕೃತಿಯ ನಡುವೆಯೇ ನಿಂತಿದ್ದರೂ ಅದು ಹೇಗಿದೆ ಎಂದು ಕೇಳಿದರೆ ಅವನು, "ಉದ್ದ ಇದೆ," ಎನ್ನುತ್ತಿದ್ದ.

ಇಷ್ಟು ಹಟಕ್ಕೆ ಒಂದು ಕಾರಣವಿತ್ತು. ಅದೇ ತಾಳಗಳನ್ನು ಅವನಿಗಿಂತ ಮುಂಚೆ ಹಿಡಿದವರು ಅವನ ಚಿಕ್ಕಪ್ಪ. ಆ ಪುಣ್ಯಾತ್ಮರು ಒಂದು ದಿನ, ಕೊಳಲಿನವಳು ಒಬ್ಬಳೇ ಮೆಲ್ಲಗೆ ನುಡಿಸುತ್ತಿದ್ದಾಗ, ಒಂದು ಆವರ್ತ ಮುಂಚೆ ಹೊಡೆದುಬಿಟ್ಟರು. ಅಷ್ಟೇ. ಅಲ್ಲಿಂದ ಹತ್ತೊಂಬತ್ತು ವರ್ಷ ಅವರು ಸರಿಯಾಗಿ ಹೊಡೆದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಕುರ್ಚಿಯಲ್ಲಿ ಅವರು ಮುಂಚೆ ಹೊಡೆದವರೇ ಆದರು. ಕೊನೆಗೆ ಎಪ್ಪತ್ತಕ್ಕೆ ಅವರು ತೀರಿಕೊಂಡಾಗಲೂ ನೋಡಲು ಬಂದವರು, "ಸ್ವಲ್ಪ ಮುಂಚೆನೇ ಹೋದ್ರು," ಎಂದು ಮುಖ ಆಚೆ ತಿರುಗಿಸಿಕೊಂಡು, ನಗು ತಡೆಯಲಾರದೆ ಭುಜ ಕುಣಿಸಿದರು. ಅಂದು ಅದನ್ನು ಕಣ್ಣಾರೆ ಕಂಡ ತಾಳದವನಿಗೆ ಹೊಟ್ಟೆಯಲ್ಲಿ ಕಲ್ಲು ಇಟ್ಟಂತಾಗಿತ್ತು. ಏನೇ ಆಗಲಿ, ಮುಂಚೆ ಮಾತ್ರ ಹೊಡೆಯಬಾರದು. ಅವನ ಜೀವನದ ಧ್ಯೇಯ ಇಷ್ಟೇ.

ಈಗ ಆ ಭಾನುವಾರಕ್ಕೆ ಬರೋಣ.

ವೃಂದವನ್ನು ನಡೆಸುವವರನ್ನು, ಕೈಯಲ್ಲಿ ಸಣ್ಣ ಕೋಲು ಇರುವುದರಿಂದ, ಬೆನ್ನ ಹಿಂದೆ ಕಡ್ಡಿ ಮೇಷ್ಟ್ರು ಎನ್ನುತ್ತಿದ್ದರು. ಅವರು ಅಂದು ಬೆಳಿಗ್ಗೆ ಜಾಮು ಸವರಿದ ಬನ್ನು ತಿಂದು, ಕೈಯನ್ನು ಕರವಸ್ತ್ರಕ್ಕೆ ಒರೆಸಿದಂತೆ ಮಾಡಿ ವೇದಿಕೆ ಹತ್ತಿದರು. ಕೃತಿ ಸೊಗಸಾಗಿ ಸಾಗುತ್ತಿತ್ತು. ಮುನ್ನೂರರ ಆಚೆ ಎಲ್ಲೋ ಅವರು ಹಾಳೆ ಮಗುಚಿದಾಗ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ನಲವತ್ತು ಆವರ್ತ ಗುಳುಂ ಆಯಿತು. ಪಿಟೀಲಿನವರು ಒಂದು ಕ್ಷಣ ತಬ್ಬಿಬ್ಬಾದರು. ಆದರೆ ಮೇಷ್ಟ್ರು ಎಲ್ಲಿಗೆ ಹಾರಿದರೆ ಅಲ್ಲಿಗೆ ಹಾರುವುದು ಅವರಿಗೆ ಹೊಸದೇನಲ್ಲ. ಅವರ ಹಿಂದೆ ಕೊಳಲು ಹಾರಿತು, ಕಹಳೆ ಹಾರಿತು, ನಗಾರಿಯೂ ಹಾರಿತು. ಹಾರದೆ ಉಳಿದವನು ಒಬ್ಬನೇ. ಅವನು ರಾಗ ಕೇಳುತ್ತಿರಲಿಲ್ಲ, ಮೇಷ್ಟ್ರ ಮುಖ ನೋಡುತ್ತಿರಲಿಲ್ಲ, ತನ್ನ ಕಾಲಿನ ಬೆರಳುಗಳ ಜೊತೆಗಿದ್ದ.

ಕೊನೆಯ ಏಟಿಗೆ ಮೊದಲು ಎಲ್ಲ ವಾದ್ಯಗಳೂ ಒಂದೇ ಸ್ವರ ಹಿಡಿದು ನಿಲ್ಲಬೇಕು. ಮೇಷ್ಟ್ರು ಕಡ್ಡಿಯನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ. ತಾಳ ಬಿದ್ದಮೇಲೆ ಕಡ್ಡಿ ಕೆಳಗೆ. ಯಾವತ್ತೂ ಅದು ಒಂದು ಉಸಿರಿನ ಮಾತು. ಅಂದು ಕಡ್ಡಿ ಮೇಲೆದ್ದಿತು, ಸ್ವರ ನಿಂತಿತು, ತಾಳ ಬೀಳಲಿಲ್ಲ. ಎಲ್ಲರ ಕಣ್ಣೂ ಹಿಂದಿನ ಸಾಲಿಗೆ ಹೊರಳಿತು. ತಾಳದವನು ಗರುಡಗಂಬದ ಹಾಗೆ ನಿಂತಿದ್ದ.

"ಹೊಡೀರಪ್ಪ," ಎಂದು ನಗಾರಿಯವನು ತುಟಿಯಂಚಿನಲ್ಲಿ ಪಿಸುಗುಟ್ಟಿದ.

ತಾಳದವನು ತಲೆ ಅಲ್ಲಾಡಿಸಿದ. ಬಾಯಿ ಬಿಟ್ಟರೆ ನಾಲಿಗೆ ಜಾಗ ಬಿಡುತ್ತದೆ, ಮುನ್ನೂರು ಹೋಗುತ್ತದೆ. ಅವನು ಗಲ್ಲದಿಂದ ನಗಾರಿಯವನ ಪಕ್ಕದಲ್ಲಿ ಬಿದ್ದಿದ್ದ ಸೀಮೆಸುಣ್ಣದ ತುಂಡಿನ ಕಡೆ ತೋರಿಸಿ, ಕಣ್ಣು, ಹುಬ್ಬು, ಭುಜ ಎಲ್ಲವನ್ನೂ ಬಳಸಿ, ನಗಾರಿಯ ಚರ್ಮದ ಮೇಲೆ ೩೭೧ ಎಂದು ಬರೆಸಿದ. ಆಮೇಲೆ ನಾಲಿಗೆ ಸಡಿಲ ಬಿಟ್ಟು, "ಇನ್ನೂ ನಲವತ್ತು ಆವರ್ತ ಇದೆ," ಎಂದ.

"ನಲವತ್ತಾ? ಎಲ್ರೂ ಬಂದು ನಿಂತಿದ್ದಾರಲ್ಲ?"

"ಅವರು ಬಂದ್ರೆ ನಾನೇನು ಮಾಡ್ಲಿ? ನನ್ನದು ಮುನ್ನೂರ ಎಪ್ಪತ್ತೊಂದು."

"ಹಂಗಾದ್ರೆ ಆ ನಲವತ್ತು ಎಣಿಸಿ ಮುಗಿಸಿಬಿಡಿ, ಕಾಯ್ತೀವಿ."

"ಮೇಷ್ಟ್ರು ಕಡ್ಡಿ ಆಡಿಸಿದ್ರೆ ತಾನೇ ಎಣಿಸೋದು? ಅವರು ಎತ್ತಿ ಹಿಡ್ಕೊಂಡು ನಿಂತಿದ್ದಾರೆ. ಕಾಲ ನಿಂತಿದೆ. ನಿಂತಿರೋ ಕಾಲಾನ ಹೇಗೆ ಎಣಿಸ್ಲಿ?"

ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಏಟು ಬೀಳದೆ ಮೇಷ್ಟ್ರು ಕಡ್ಡಿ ಇಳಿಸುವಂತಿಲ್ಲ. ಕಡ್ಡಿ ಆಡದೆ ತಾಳದವನು ಎಣಿಸುವಂತಿಲ್ಲ. ಈ ಎರಡರ ನಡುವೆ ಅರವತ್ತೆರಡು ಮಂದಿ ಒಂದೇ ಸ್ವರವನ್ನು ಎಳೆಯುತ್ತಾ ಕೂತರು. ಸಭಾಂಗಣದಲ್ಲಿ ಜನ ಮೊದಲ ಹತ್ತು ನಿಮಿಷ ಮೈಮರೆತು ಕೇಳಿದರು. ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು ಕೂಡ. ಅರ್ಧ ಗಂಟೆಯಾಗುವಾಗ ಒಬ್ಬೊಬ್ಬರೇ ಗಡಿಯಾರ ನೋಡಿಕೊಳ್ಳತೊಡಗಿದರು. ಒಂದಿಬ್ಬರು ಎದ್ದು ಬಾಗಿಲಿಗೆ ಹೋದರೆ ಬಾಗಿಲು ಕಾಯುವವನು ಅಡ್ಡ ನಿಂತ.

"ನಡುವೆ ತೆಗೆಯೋ ಹಾಗಿಲ್ಲ. ಮುಗೀಲಿ, ತೆಗೀತೀನಿ."

"ಯಾವಾಗಪ್ಪ ಮುಗಿಯೋದು?"

"ತಾಳ ಬಿದ್ದಾಗ," ಎಂದು ಅವನು ಬೀಗದ ಕೈಯನ್ನು ಜೇಬಿಗೆ ಇಳಿಸಿದ. ಆ ಕೆಲಸಕ್ಕೆ ಸೇರಿದಾಗ ಅವನಿಗೆ ಹೇಳಿಕೊಟ್ಟ ಒಂದೇ ನಿಯಮ ಅದು, ಅದನ್ನೂ ಬಿಟ್ಟುಕೊಟ್ಟರೆ ಅವನಿಗೆ ಉಳಿಯುವುದೇನು?

ಮಧ್ಯಾಹ್ನವಾಯಿತು. ಊದುವವರು ಪಾಳಿ ಮಾಡಿಕೊಂಡರು. ಒಬ್ಬ ಊದುವಾಗ ಇನ್ನೊಬ್ಬ ತುಟಿಗೆ ಬೆಣ್ಣೆ ಹಚ್ಚಿಕೊಳ್ಳುವುದು. ಪಿಟೀಲಿನವರು ಬಲಗೈ ಸೋತರೆ ಪಕ್ಕದವರ ಕಮಾನನ್ನು ಎಳೆದುಕೊಟ್ಟು, ತಮ್ಮದನ್ನು ಅವರಿಂದ ಎಳೆಸಿಕೊಂಡರು. ಕ್ಯಾಂಟೀನಿನವನು ಕಿಟಕಿಯಿಂದ ಚಹಾ, ಬನ್ನು ದಾಟಿಸಿದ. ಅವನಿಗೆ ಒಂದು ಉಪಾಯವೂ ಹೊಳೆಯಿತು. ದೊಡ್ಡ ಪಾತ್ರೆಯ ಎರಡು ಮುಚ್ಚಳ ತಂದು ಸಭೆಯ ಹಿಂದಿನಿಂದ ಝಣ್ ಎಂದು ಬಡಿದ. ಜನ ಚಪ್ಪಾಳೆಗೆ ಕೈ ಎತ್ತಿದವರು ಹಾಗೇ ಇಳಿಸಿದರು. ಮೇಷ್ಟ್ರು ಕತ್ತು ಕೂಡ ತಿರುಗಿಸದೆ, "ಅದು ಸಾರಿನ ಪಾತ್ರೆ," ಎಂದರು.

ನಗಾರಿಯವನು, "ತಾಳ ಇಲ್ಲಿ ಕೊಡಿ, ನಾನೇ ಹೊಡೀತೀನಿ," ಎಂದು ಕೈ ಚಾಚಿದ. ತಾಳದವನು ತಾಳಗಳನ್ನು ಕಂಕುಳಿಗೆ ಸೇರಿಸಿಕೊಂಡ. ಒಬ್ಬರ ವಾದ್ಯವನ್ನು ಇನ್ನೊಬ್ಬರು ಮುಟ್ಟಬಾರದು, ಹಾಳೆಯಲ್ಲಿ ಬರೆದಿರದ ಏಟನ್ನು ಯಾರೂ ಹೊಡೆಯಬಾರದು. ಹಿಂದಿನ ಸಾಲಿನವರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ಕಟ್ಟಳೆ ಅದು. ನಗಾರಿಯವನಿಗೂ ಗೊತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡ.

"ನೀವು ಒಂದು ಮಾತು ತಪ್ಪಾಯ್ತು ಅಂದ್ಬಿಟ್ರೆ ಎಲ್ರೂ ಮನೆಗೆ ಹೋಗ್ತೀವಿ," ಎಂದ.

"ಅನ್ನಬಹುದು. ಆಮೇಲೆ ನಾನು ತರಕಾರಿ ಅಂಗಡಿಗೆ ಹೇಗೆ ಹೋಗ್ಲಿ?" ಎಂದ ತಾಳದವನು. ಅವನ ಕಣ್ಣು ಒದ್ದೆಯಾಗಿತ್ತು. ಹಟಮಾರಿ ಎಂದು ಬೈಯುವುದು ಸುಲಭ. ಆದರೆ ಅವನಿಗಿದ್ದದ್ದು ಅದೊಂದೇ ಹೆಮ್ಮೆ. ಬೇರೆಯವರ ಹತ್ತಿರ ಸಾವಿರ ಸ್ವರಗಳಿದ್ದವು, ನಾಲ್ಕು ತಪ್ಪಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಇವನ ಹತ್ತಿರ ಇದ್ದದ್ದು ಒಂದು ಏಟು ಮಾತ್ರ.

ರಾತ್ರಿಯನ್ನು ಹೇಗೋ ಕುರ್ಚಿಗಳಲ್ಲೇ ಕಳೆದರು. ಸೋಮವಾರ ಬೆಳಗಾದಾಗ ಆ ಸ್ವರ ಸಂಗೀತವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕಿವಿಯ ಪಕ್ಕದ ಸೊಳ್ಳೆಯ ಹಾಗೆ ಅದು ಸುಮ್ಮನೆ ಇತ್ತು. ಜನ ಅದರ ಕೆಳಗೇ ಸಂಸಾರ ಹೂಡಿದರು. ಮೂರನೆಯ ಸಾಲಿನ ಹಲ್ಲಿನ ಡಾಕ್ಟರು ಫೋನು ಮಾಡಿ ಇಕ್ಕಳ, ಹತ್ತಿ ಎಲ್ಲವನ್ನೂ ಕ್ಯಾಂಟೀನಿನ ಕಿಟಕಿಯಿಂದ ತರಿಸಿಕೊಂಡರು. ಪಕ್ಕದ ಕುರ್ಚಿಯವನಿಗೆ ದವಡೆ ನೋವೆಂದು ರಾತ್ರಿಯೇ ತಿಳಿದಿತ್ತು. ಅವನ ಬಾಯಿ ತೆರೆಸಿ, "ತಾಳ ಬಿದ್ದಾಗ ನೀವು ಬೆಚ್ಚಿ ಬೀಳ್ತೀರಲ್ಲ, ಅದೇ ಹೊತ್ತಿಗೆ ಎಳೆದ್ಬಿಡ್ತೀನಿ. ಗೊತ್ತೇ ಆಗಲ್ಲ," ಎಂದರು. ಆ ಬಡಪಾಯಿ ಬೆಳಿಗ್ಗೆ ಎಂಟರಿಂದ ಬಾಯಿ ತೆರೆದುಕೊಂಡು ಕಾಯುತ್ತಿದ್ದ.

ಹನ್ನೊಂದು ಗಂಟೆಗೆ, ವೇದಿಕೆಯ ಹಿಂದಿನ, ಹೊರಗಿನಿಂದ ಮಾತ್ರ ತೆರೆಯುವ ಸಣ್ಣ ಬಾಗಿಲಿನಿಂದ ತಾಳದವನ ಹೆಂಡತಿ ಒಳಗೆ ಬಂದಳು. ಆಕೆಗೆ ತನ್ನದೇ ಇಸ್ತ್ರಿ ಅಂಗಡಿಯಿತ್ತು. ನಿನ್ನೆ ಮಧ್ಯಾಹ್ನ ಊಟಕ್ಕೆ ಬರಬೇಕಾದ ಗಂಡ ಇಂದೂ ಬರದಿದ್ದಾಗ, ಇಸ್ತ್ರಿ ಆರಿಸಿ, ಬುತ್ತಿ ಕಟ್ಟಿಕೊಂಡು ಬಂದಿದ್ದಳು. ವೇದಿಕೆಯ ಮೇಲೆ ಅರವತ್ತು ಜನರ ನಡುವೆ ಚಪ್ಪಲಿ ಸದ್ದು ಮಾಡುತ್ತಾ ನಡೆದು ಬಂದು ಬುತ್ತಿಯ ಡಬ್ಬಿಯನ್ನು ನಗಾರಿಯ ಮೇಲೆ ಇಟ್ಟಳು.

"ಏನ್ರೀ ಇದು? ಒಂದು ಏಟು ಹೊಡೆಯೋಕೆ ಎರಡು ದಿನಾನಾ?"

"ಇನ್ನೂ ನಲವತ್ತು ಇದೆ ಕಣೆ."

"ಅವರು ಏನಂತಾರೆ?"

"ಮುಗೀತು ಅಂತಾರೆ. ನೀನೂ ಹಾಗೇ ಅಂತೀಯಾ?"

ಆಕೆ ಗಂಡನ ಮುಖ ನೋಡಿದಳು. ಮನೆಯ ಮೆಟ್ಟಿಲು ಹದಿನಾಲ್ಕು, ಬಾಯಿಗೆ ಇಟ್ಟ ತುತ್ತಿಗೆ ಮೂವತ್ತೆರಡು ಸಲ ಅಗಿತ, ಮದುವೆಗೆ ಬಂದವರು ಇನ್ನೂರ ಆರು ಜನ, ಅದರಲ್ಲಿ ಊಟ ಮಾಡದೆ ಹೋದವರು ಒಂಬತ್ತು. ಇದೆಲ್ಲ ಆಕೆ ಬೇಡವೆಂದರೂ ಕೇಳಿಸಿಕೊಂಡ ಲೆಕ್ಕಗಳು. ಈ ಮನುಷ್ಯನ ಮೇಲೆ ಆಕೆಗೆ ಇಲ್ಲದ ದೂರುಗಳಿರಲಿಲ್ಲ, ಆದರೆ ಎಣಿಕೆ ತಪ್ಪಿದ ಎಂಬ ದೂರು ಮಾತ್ರ ಇರಲಿಲ್ಲ. "ನೀವು ಎಣಿಸಿದ್ದು ತಪ್ಪಿರಲ್ಲ. ಬೇರೆ ಎಲ್ಲೋ ಏನೋ ಆಗಿದೆ," ಎಂದು ಸೆರಗು ಬಿಗಿದು ನೇರ ಮೇಷ್ಟ್ರ ಬಳಿಗೆ ಹೋದಳು.

ಮೇಷ್ಟ್ರ ಬಲಗೈ ತಲೆಯ ಮೇಲೆ ಮರಗಟ್ಟಿ ಹೋಗಿತ್ತು. ಆಕೆ ಅವರ ಮುಂದಿನ ದೊಡ್ಡ ಪುಸ್ತಕವನ್ನು ಬಟ್ಟೆಯ ಕಟ್ಟು ನೋಡಿದಂತೆ ನೋಡಿದಳು. ದಿನವೂ ಗಂಜಿ ಹಾಕಿದ ಬಟ್ಟೆಗಳ ಪದರ ಬಿಡಿಸುವ ಹೆಂಗಸು. ಹೆಬ್ಬೆರಳಿನಿಂದ ಒಂದೊಂದೇ ಹಾಳೆ ತಡವುತ್ತಾ ಬಂದು ಒಂದು ಕಡೆ ನಿಲ್ಲಿಸಿದಳು.

"ಇದು ಒಂದಲ್ಲ, ಎರಡು," ಎಂದು ಉಗುರು ತೂರಿಸಿ ಪರಕ್ಕೆಂದು ಬಿಡಿಸಿದಳು. ನಡುವೆ ಕೆಂಪು ಜಾಮು. ಮುಚ್ಚಿಹೋಗಿದ್ದ ಎರಡು ಪುಟಗಳಲ್ಲಿ ಪುಟಕ್ಕೆ ಇಪ್ಪತ್ತರಂತೆ ನಲವತ್ತು ಆವರ್ತ ತಣ್ಣಗೆ ಮಲಗಿದ್ದವು.

ಕಡ್ಡಿ ಮೇಷ್ಟ್ರ ಮುಖ ಹುಳ್ಳಗಾಯಿತು. "ಆಯ್ತಮ್ಮ. ತಾಳದೋರದ್ದು ಸರಿ, ನಮ್ಮೆಲ್ಲರದ್ದೂ ತಪ್ಪು," ಎಂದು ಇಡೀ ಸಭೆಗೆ ಕೇಳುವಂತೆ ಹೇಳಿದರು. ಆ ಮಟ್ಟಿಗೆ ಅವರು ದೊಡ್ಡ ಮನುಷ್ಯರು. "ಆದ್ರೆ ಈಗೇನು ಮಾಡೋದು? ಆ ನಲವತ್ತು ದಾಟದೆ ಅವರು ಹೊಡೆಯಲ್ಲ. ನನ್ನ ಕೈ ಇಳಿಯಲ್ಲ. ಇವರು ಯಾರೂ ಸ್ವರ ಬಿಡೋ ಹಾಗಿಲ್ಲ. ಲೆಕ್ಕಕ್ಕೆ ಏಟು ಹಾಕೋಣ ಅಂದ್ರೆ ಹಿಂದಿನ ಸಾಲಿನೋರು ಬರೆಯದೆ ಇರೋ ಏಟು ಹೊಡೆಯಲ್ಲ."

"ನಾನು ಯಾವ ಸಾಲಿನೋಳೂ ಅಲ್ಲ," ಎಂದಳು ಆಕೆ. ಹಿಂದಕ್ಕೆ ಬಂದು ಬುತ್ತಿಯ ಡಬ್ಬಿಯಿಂದ ಚಮಚ ತೆಗೆದಳು. "ನಾಲ್ಕು ನಾಲ್ಕು ತಾನೇ?"

"ನಾಲ್ಕು ನಾಲ್ಕು. ಸಮನಾಗಿ ಹೋಗು," ಎಂದ ಗಂಡ. ನಾಲಿಗೆಯನ್ನು ಮೇಲಿನ ಹಲ್ಲಿನ ಹಿಂದಕ್ಕೆ ಒತ್ತಿದ, ಏಳು ಕೈಬೆರಳು ಮಡಿಸಿದ, ಒಂದು ಕಾಲ್ಬೆರಳು ಊರಿದ. ಮುನ್ನೂರ ಎಪ್ಪತ್ತೊಂದು.

ಆಕೆ ಡಬ್ಬಿಯ ಮುಚ್ಚಳಕ್ಕೆ ಚಮಚದಿಂದ ಬಡಿದಳು. ಟಣ್, ಟಕ, ಟಕ, ಟಕ. ಮೊದಲನೆಯ ಏಟು ಜೋರು, ಉಳಿದ ಮೂರು ಮೆಲ್ಲಗೆ. ಯಾರೂ ಹೇಳಿಕೊಟ್ಟದ್ದಲ್ಲ, ಇಪ್ಪತ್ತು ವರ್ಷ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಕುಕ್ಕಿ ಮೂರು ಸಲ ಜಾರಿಸಿದ ಕೈ, ಬೇರೆ ರೀತಿ ಬಡಿಯಲು ಅದಕ್ಕೆ ಬರುತ್ತಿರಲಿಲ್ಲ.

ಹತ್ತು ಆವರ್ತ ಕಳೆಯುವಷ್ಟರಲ್ಲಿ ಒಂದು ಸಂಗತಿ ನಡೆಯಿತು. ಪಿಟೀಲಿನವರ ಕಮಾನುಗಳು ಆಕೆಯ ಜೋರು ಏಟಿಗೆ ಸರಿಯಾಗಿ ದಿಕ್ಕು ಬದಲಿಸತೊಡಗಿದವು. ಊದುವವರು ಅದೇ ಏಟಿಗೆ ಉಸಿರು ತೆಗೆದುಕೊಂಡರು. ನಿನ್ನೆಯಿಂದ ಸತ್ತು ಬಿದ್ದಿದ್ದ ಸ್ವರಕ್ಕೆ ಎದೆ ಬಡಿತ ಬಂದಿತು. ಸ್ವರ ಅದೇ, ಒಂದಿಷ್ಟೂ ಬದಲಾಗಿರಲಿಲ್ಲ. ಕೆಳಗೆ ಯಾರೋ ಬಡಿಯುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಅದು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತಿತ್ತು. ತೂಕಡಿಸುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ಕೂತರು. ಬಾಗಿಲು ಕಾಯುವವನ ಕಾಲು ತಾನಾಗಿಯೇ ಕುಟ್ಟತೊಡಗಿತು.

ತಾಳದವನು ಎಣಿಸುತ್ತಿದ್ದ. ಮುನ್ನೂರ ತೊಂಬತ್ತು. ಮುನ್ನೂರ ತೊಂಬತ್ತೊಂದು. ನಾನೂರಕ್ಕೆ ನಾಲಿಗೆಯನ್ನು ಅಂಗುಳಕ್ಕೆ ಸೇರಿಸಿದ. ಅಲ್ಲಿಂದ ಮುಂದೆ ಎಲ್ಲಿಯೋ ಅವನಿಗೆ ಹೆಂಡತಿಯ ಕೈ ಕಂಡಿತು. ಸುಟ್ಟ ಕಲೆಗಳಿದ್ದ ಮಣಿಕಟ್ಟು ಏಳುವುದು, ಬೀಳುವುದು. ಎಷ್ಟು ಚೆನ್ನಾಗಿ ಬಡಿಯುತ್ತಾಳಲ್ಲ, ಎಂದುಕೊಂಡ. ಆ ಟಣ್ ಎನ್ನುವುದರ ಮೇಲೆ ಪಿಟೀಲುಗಳು, ಅವುಗಳ ಮೇಲೆ ಕೊಳಲು, ಎಲ್ಲಕ್ಕೂ ಕೆಳಗೆ ಕಹಳೆಗಳ ಗುಂಯ್. ಇದು ಇಷ್ಟು ದಿನ ಇಲ್ಲೇ ಇತ್ತೇ? ಅವನ ಮೈ ಝುಮ್ಮೆಂದಿತು.

ಮರುಕ್ಷಣವೇ ಎದೆ ಧಸಕ್ಕೆಂದಿತು. ಕಾಲಿನ ಬೆರಳುಗಳು ಸುಮ್ಮನಿದ್ದವು. ಎಷ್ಟಾಯಿತು? ನಾನೂರ ಒಂಬತ್ತೇ? ಹನ್ನೊಂದೇ? ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವನ ಲೆಕ್ಕ ಕೈ ಕೊಟ್ಟಿತ್ತು, ಅದೂ ಇಡೀ ವೃಂದವೇ ಅವನದೇ ಸರಿ ಎಂದು ಒಪ್ಪಿಕೊಂಡ ಹತ್ತು ನಿಮಿಷದೊಳಗೆ. ಬೆವರು ಕಿತ್ತುಕೊಂಡು ಬಂದಿತು. ಮೇಷ್ಟ್ರು ನೋಡುತ್ತಿದ್ದರು. ನಗಾರಿಯವನು ನೋಡುತ್ತಿದ್ದ. ಅವನು ಹೆಂಡತಿಯನ್ನು ನೋಡಿದ. ಆಕೆ ಬಡಿಯುತ್ತಲೇ ಒಂದು ಸಲ ತಲೆ ಆಡಿಸಿದಳು.

ಅವನು ಹೊಡೆದ.

ಕಿಟಕಿಯ ಗಾಜುಗಳು ಅದುರಿದವು. ಮೇಷ್ಟ್ರ ಕೈ ಕಡಿದು ಬಿದ್ದಂತೆ ಕೆಳಗೆ ಬಂದಿತು. ಅರವತ್ತೆರಡು ಮಂದಿ ಒಟ್ಟಿಗೆ ಉಸಿರು ಬಿಟ್ಟರು. ಬೀಗ ಕಟಕ್ಕೆಂದಿತು. ಜನ ಚಪ್ಪಾಳೆ ತಟ್ಟುತ್ತಲೇ ಬಾಗಿಲಿಗೆ ನುಗ್ಗಿದರು. ತಾಳದವನು ತಾಳಗಳನ್ನು ಎತ್ತಿ ಹಿಡಿದು, ಅವುಗಳ ದನಿ ಪೂರ್ತಿ ಆರುವ ತನಕ ಬಾಯಿ ತೆರೆದುಕೊಂಡು ನಿಂತಿದ್ದ.

"ಸರಿಯಾಗಿ ನಲವತ್ತಕ್ಕೇ ತಲೆ ಆಡಿಸಿದೆಯಲ್ಲೇ," ಎಂದು ಆಮೇಲೆ ಹೆಂಡತಿಯನ್ನು ಕೇಳಿದ.

"ನಾನೆಲ್ಲಿ ಎಣಿಸ್ದೆ?" ಎಂದಳು ಆಕೆ, ಮಣಿಕಟ್ಟು ನೀವಿಕೊಳ್ಳುತ್ತಾ. "ಎಣಿಸೋದು ನಿಮ್ಮ ಕೆಲಸ ಅಂತ ನಾನು ಬಡೀತಾ ಇದ್ದೆ. ನೀವು ನನ್ನನ್ನ ನೋಡಿದ್ರಿ, ಚೆನ್ನಾಗಿ ಹೋಗ್ತಾ ಇದೆ ಅಂತ ತಲೆ ಆಡಿಸ್ದೆ."

ಅವನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಖಾಲಿ ಇಕ್ಕಳ ಹಿಡಿದುಕೊಂಡು ವೇದಿಕೆಯ ಪಕ್ಕದ ಮೆಟ್ಟಿಲು ಹತ್ತಿ ಬಂದರು. ಅವರ ಕಣ್ಣು ಕೆಂಪಗಿತ್ತು.

"ಏನ್ರೀ ತಾಳದೋರೆ, ನಾನು ಒಂದೊಂದೂ ಎಣಿಸ್ಕೊಂಡು ಬಂದಿದ್ದೆ. ನಲವತ್ತು ಆಗ್ಲಿ ಅಂತ ಇಕ್ಕಳ ಕೈಗೆ ತಗೊಳ್ತಾ ಇದ್ರೆ ನೀವು ಮೂವತ್ತೊಂಬತ್ತಕ್ಕೇ ಹೊಡೆದ್ಬಿಟ್ರಿ. ಆ ಮನುಷ್ಯ ಹಲ್ಲು ಬಾಯಲ್ಲೇ ಇಟ್ಕೊಂಡು ಓಡಿಹೋದ. ಒಂದು ಆವರ್ತ ಮುಂಚೆ ಹೊಡೆದಿದ್ದೀರಿ, ಗೊತ್ತಾಯ್ತಾ?"

ನಗಾರಿಯವನು ಕೇಳಿಸಿಕೊಂಡ. ಮೇಷ್ಟ್ರೂ ಕೇಳಿಸಿಕೊಂಡರು. ಸಂಜೆಯೊಳಗೆ ತರಕಾರಿ ಅಂಗಡಿಗೂ ಮುಟ್ಟುವ ಸುದ್ದಿ. ತಾಳದವನು ತಾಳಗಳ ಅಂಚನ್ನು ಬಟ್ಟೆಯಿಂದ ಒರೆಸಿದ. ಹೊಟ್ಟೆಯೊಳಗಿನ ಕಲ್ಲನ್ನು ಹುಡುಕಿದ. ಅದು ಸಿಗಲಿಲ್ಲ.

"ಇರಬಹುದು ಡಾಕ್ಟ್ರೆ," ಎಂದ. "ಕೇಳೋಕೆ ಹೇಗಿತ್ತು?"

"ಏನು ಹೇಗಿತ್ತು?"

"ನಾನು ಹೊಡೆದದ್ದು. ಅದಕ್ಕೆ ಮುಂಚೆ ಇವಳು ಬಡಿದದ್ದು. ಪಿಟೀಲು, ಕೊಳಲು, ಎಲ್ಲ."

ಡಾಕ್ಟರು ಇಕ್ಕಳವನ್ನು ಒಂದು ಸಲ ತೆರೆದು ಮುಚ್ಚಿದರು.

"ನಾನು ಎಣಿಸ್ತಾ ಇದ್ದೆನಲ್ಲ," ಎಂದರು. "ಕೇಳಿಸಿಕೊಳ್ಳಲಿಲ್ಲ."

ತಾಳದವನಿಗೆ ಅಯ್ಯೋ ಪಾಪ ಎನ್ನಿಸಿತು. ಡಾಕ್ಟರ ಮೊಣಕೈ ಹಿಡಿದು ಮೆಟ್ಟಿಲಿನ ತನಕ ನಡೆಸಿಕೊಂಡು ಹೋದ. ಮುಂದಿನ ಭಾನುವಾರ ಬನ್ನಿ, ಇಕ್ಕಳ ಮನೆಯಲ್ಲೇ ಇಟ್ಟು ಬನ್ನಿ, ಸುಮ್ಮನೆ ಕೂತುಕೊಳ್ಳಿ, ಎಂದು ಹೇಳಿ ಕಳಿಸಿದ.